ಕಂಬದ ಎಡಗಡೆಯ ಮರ್ಲ್ ಡಾಲ್ಕಿ

ಹಾಸಿಗೆ ಮಾರುವವನು ಪೂರ್ತಿ ಎಚ್ಚರವಾಗಿ ಕಾಣಬಾರದು ಎಂಬುದು ಮರ್ಲ್ ಡಾಲ್ಕಿಯ ವ್ಯಾಪಾರದ ಗುಟ್ಟು. ಅಂಗಡಿಗೆ ಬಂದ ಗಿರಾಕಿಯ ಮುಂದೆ ಅವನು ಸರಕಿನ ಗುಣಗಾನ ಮಾಡುತ್ತಿರಲಿಲ್ಲ. ಒಂದು ಆಕಳಿಕೆ ತೆಗೆದು, ಹತ್ತಿರದ ಹಾಸಿಗೆಯನ್ನು ಅಂಗೈಯಿಂದ ಒತ್ತಿ, "ಮಲಗಿ ನೋಡಿ, ಮಾತು ಆಮೇಲೆ" ಎನ್ನುತ್ತಿದ್ದ. ಗಿರಾಕಿ ಮಲಗಿದ ಮೇಲೆ ತಾನೂ ಪಕ್ಕದ ಹಾಸಿಗೆಯ ಅಂಚಿಗೆ ಒರಗುತ್ತಿದ್ದ. ಪೆಂಡ್ಲಟನ್ ಫೆರಿಯ ಅರ್ಧ ಊರು ಅವನ ಆಕಳಿಕೆಯನ್ನು ದುಡ್ಡು ಕೊಟ್ಟು ಮನೆಗೆ ಒಯ್ದಿದೆ.

ಇಂಥ ಮನುಷ್ಯ ಕಣ್ಣು ಪೂರ್ತಿ ತೆರೆಯುತ್ತಿದ್ದದ್ದು ವರ್ಷದಲ್ಲಿ ಕೆಲವೇ ಶನಿವಾರ. ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಕಾಲೇಜಿನ ಫುಟ್‌ಬಾಲ್ ತಂಡ ಊರಿನಲ್ಲಿ ಆಡುವ ಶನಿವಾರಗಳಲ್ಲಿ. ಕೈಯಲ್ಲಿ ಹಿಡಿದು, ಬಗಲಲ್ಲಿ ಅವುಚಿಕೊಂಡು ಓಡುವ ಚೆಂಡಿಗೆ ಕಾಲಿನ ಹೆಸರು ಯಾವ ಪುಣ್ಯಾತ್ಮ ಇಟ್ಟನೋ, ಆ ಊರಲ್ಲಿ ಯಾರೂ ಕೇಳಿದ್ದಿಲ್ಲ. ತಂಡದ ಗುರುತು ಕೊಕ್ಕರೆ. ಒಹಾಯೊ ಹೊಳೆಯ ದಡದ ಆ ಸಣ್ಣ ಕಾಲೇಜು ಹುಟ್ಟುವ ಹೊತ್ತಿಗೆ ಹುಲಿ, ಹದ್ದು, ಕರಡಿಗಳೆಲ್ಲ ದೊಡ್ಡ ಕಾಲೇಜುಗಳ ಪಾಲಾಗಿದ್ದವು. ಉಳಿದದ್ದು ಒಂಟಿಕಾಲಲ್ಲಿ ನಿಂತು ಯೋಚನೆ ಮಾಡುವ ಈ ಹಕ್ಕಿ. ಗೆದ್ದ ವಾರ ಊರವರಿಗೆ ಅವು 'ನಮ್ಮ ಕೊಕ್ಕರೆಗಳು', ಸೋತ ವಾರ 'ಆ ಕೊಕ್ಕರೆಗಳು'.

ಮರ್ಲ್ ಕೂರುತ್ತಿದ್ದದ್ದು ತಗಡಿನ ಸೂರಿನ ಹಳೆಯ ಸ್ಟ್ಯಾಂಡಿನಲ್ಲಿ, ಮೈದಾನದ ನಟ್ಟನಡುವಿಗೆ ಸರಿಯಾಗಿ. ಅಂಥ ಜಾಗಕ್ಕೆ ಊರಿನ ದೊಡ್ಡ ಮನುಷ್ಯರು ಹೊಡೆದಾಡಬೇಕು. ಹೊಡೆದಾಡುತ್ತಿರಲಿಲ್ಲ, ಏಕೆಂದರೆ ಆ ಸೀಟಿನ ಬಲಭುಜಕ್ಕೆ ಒತ್ತಿಕೊಂಡು ಸೂರು ಹೊತ್ತ ಕಬ್ಬಿಣದ ಕಂಬವೊಂದು ನಿಂತಿತ್ತು. ಕಂಬವೆಂದರೆ ಬೀದಿದೀಪದ ಕಂಬವಲ್ಲ. ಬಟ್ಟೆಯ ಬೀರುವಿನಷ್ಟು ಅಗಲ, ಮೈತುಂಬ ಮೊಡವೆಯಂತೆ ರಿವೆಟ್ಟುಗಳು, ಮಗ್ಗುಲಲ್ಲಿ ಮಳೆನೀರಿನ ಕೊಳವೆ. ಅಲ್ಲಿ ಕೂತವನಿಗೆ ಹೊಳೆಯ ಕಡೆಯ ಅರ್ಧ ಮೈದಾನ ಅಂಗೈ ಗೆರೆಯಷ್ಟು ಸ್ಪಷ್ಟ. ರೈಲುಹಳಿಯ ಕಡೆಯ ಅರ್ಧ ಭೂಮಿಯ ಮೇಲೆಯೇ ಇಲ್ಲ. ಅದಕ್ಕೇ ಟಿಕೆಟ್ಟು ಅರ್ಧ ಬೆಲೆ. ಅರ್ಧ ಬೆಲೆಗೆ ನಡುವಿನ ಸೀಟು ಹೊಡೆದೆನೆಂದು ಮರ್ಲ್ ಮೊದಲ ವರ್ಷವೆಲ್ಲ ಬೀಗಿಕೊಂಡು ತಿರುಗಿದ. ಅರ್ಧ ಬೆಲೆಗೆ ಬಂದದ್ದು ಅರ್ಧ ಆಟ ಎಂಬ ಲೆಕ್ಕ ಈ ಜಾಣ ವ್ಯಾಪಾರಿಗೆ ಹೊಳೆದದ್ದು ಮರುವರ್ಷ. ಅಷ್ಟರಲ್ಲಿ ಅದೇ ಕಂಬದ ಬಲಗಡೆಯ ಸೀಟನ್ನು ಇನ್ನೊಬ್ಬ ಜಾಣೆ ಕೊಂಡಾಗಿತ್ತು.

ಅವಳೇ ಆರ್ಡಿತ್ ಕೋವಾಚ್, ಶಾಲೆಯ ಬಸ್ಸು ಓಡಿಸುವವಳು. ಅವಳಿಗೆ ರೈಲುಹಳಿಯ ಅರ್ಧ ಕಾಣುತ್ತಿತ್ತು, ಹೊಳೆಯ ಅರ್ಧ ಇಲ್ಲ. ಮೊದಲ ದಿನ ಜನ ಹೋ ಎಂದಾಗ ಕಂಬದ ಆಚೆಯಿಂದ ಒಂದು ದನಿ ಬಂತು.

"ರೀ, ನಿಮ್ಮ ಕಡೆ ಏನಾಯ್ತು?"

"ಹುಡುಗ ಮೂರು ಗಜ ಹೋದ, ಬಿದ್ದ."

"ಮೂರು ಗಜಕ್ಕೆ ಜನ ಇಷ್ಟು ಕೂಗ್ತಾರಾ?"

"ಚಡ್ಡಿ ಹರೀತು."

"ಹಾಗೆ ಹೇಳಿ ಮತ್ತೆ. ಮುಖ್ಯವಾದದ್ದನ್ನೇ ನುಂಗಿದ್ರೆ ಹೇಗೆ?"

ಅಂದಿನಿಂದ ಪದ್ಧತಿಯಾಯಿತು. ಚೆಂಡು ಯಾರ ಕಡೆ ಇದೆಯೋ ಅವರು ಹೇಳಬೇಕು, ಇನ್ನೊಬ್ಬರು ಕೇಳಬೇಕು. ಕಂಬ ದಾಟಿ ಬಗ್ಗಿ ನೋಡಬಾರದು. ನೋಡಿದರೆ ಹೇಳುವವರಿಗೆ ಅವಮಾನ. ಹಿಂದಿನ ಸಾಲಿನ ದಂತವೈದ್ಯ ಅವರಿಬ್ಬರಿಗೂ ರೇಡಿಯೊ ಎಂದು ಹೆಸರಿಟ್ಟ. ಆರ್ಡಿತ್ ಹೇಳುವ ರೀತಿ ಬಸ್ಸು ಓಡಿಸಿದಂತೆಯೇ: "ಏಳು ಗಜ. ಎರಡನೇ ಸರದಿ. ನಂಬರ್ ಮೂವತ್ತು ಮತ್ತೆ ಎಡವಿದ, ಬೂಟು ಅವನ ಅಣ್ಣಂದಿರಬೇಕು." ಅಷ್ಟೇ. ನಿಲ್ದಾಣ ಬಂತು, ಇಳಿಯಿರಿ.

ಇಪ್ಪತ್ತು ವರ್ಷ ದಾಟಿದರೂ ಅವರು ಸ್ಟ್ಯಾಂಡಿನ ಹೊರಗೆ ಒಮ್ಮೆಯೂ ಭೇಟಿಯಾಗಿರಲಿಲ್ಲ. ಆರ್ಡಿತ್ ಬಟಾಣಿ ಸೂಪಿಗೆ ಎಷ್ಟು ಮೆಣಸು ಹಾಕುತ್ತಾಳೆಂದು ಮರ್ಲ್‌ಗೆ ಗೊತ್ತಿತ್ತು. ಅವಳ ಮನೆ ಯಾವ ಬೀದಿಯಲ್ಲಿದೆ ಎಂದು ಗೊತ್ತಿರಲಿಲ್ಲ. ಅವನ ಹೆಂಡತಿ ಎಲ್ನಾ ತೀರಿಕೊಂಡ ಶರತ್ಕಾಲದಲ್ಲಿ ಕಂಬದ ಹಿಂದಿನಿಂದ ಒಂದು ಕೈ ಬಂದು ಸೂಪಿನ ಲೋಟ ಕೊಟ್ಟು ಹೋಯಿತು. ಸಮಾಧಾನದ ಮಾತೊಂದೂ ಬರಲಿಲ್ಲ. ಆ ದಿನ ಮಾತ್ರ ರೈಲುಹಳಿಯ ಕಡೆಯ ಆಟ ಎಂದಿಗಿಂತ ಉದ್ದಕ್ಕೆ ಬಂತು. ಯಾರು ಯಾರ ಮೇಲೆ ಬಿದ್ದ, ಎದ್ದವನು ಬಿದ್ದವನನ್ನು ಹೇಗೆ ಕೈಹಿಡಿದು ಎಬ್ಬಿಸಿದ ಎಂಬುದೂ ಸೇರಿ.

ಈ ಕಂಬಕ್ಕೆ ಕಾಲ ಬಂತು. ಬೇಸಿಗೆಯಲ್ಲಿ ಕಾಲೇಜಿನವರು ತೀರ್ಮಾನಿಸಿದರು: ಈ ಋತು ಮುಗಿದ ಮೇಲೆ ಹಳೆಯ ಸ್ಟ್ಯಾಂಡು ನೆಲಸಮ, ಅದರ ಜಾಗದಲ್ಲಿ ಕಾಂಕ್ರೀಟಿನದು. ಸೂರಿಲ್ಲ, ಆದ್ದರಿಂದ ಕಂಬವೂ ಇಲ್ಲ. ಹಳೆಯ ಟಿಕೆಟ್ಟಿನವರು ಕೊನೆಯ ಆಟದ ದಿನದೊಳಗೆ ಹೊಸ ಸೀಟು ಹೇಳಬೇಕು.

"ಅದೃಷ್ಟ ಖುಲಾಯಿಸ್ತು ನಿಂದು," ಎಂದ ಕ್ಷೌರದ ಗಸ್ ಪ್ರೌಟಿ, ಮರ್ಲ್‌ನ ತಲೆಯನ್ನು ಅತ್ತ ತಿರುಗಿಸಿ. "ಇನ್ಮೇಲೆ ಪೂರ್ತಿ ಆಟ ಕಾಣುತ್ತೆ. ನಮ್ಮ ತಂಡ ಎಷ್ಟು ಕೆಟ್ಟದು ಅಂತ ನಿನಗಿನ್ನೂ ಅರ್ಧ ಮಾತ್ರ ಗೊತ್ತು ಮಾರಾಯ."

ಮರ್ಲ್ ನಗಲಿಲ್ಲ. ಕಂಬ ಹೋದರೆ ಆರ್ಡಿತ್‌ಗೂ ಪೂರ್ತಿ ಕಾಣುತ್ತದೆ, ತನಗೂ ಪೂರ್ತಿ ಕಾಣುತ್ತದೆ. ಆಮೇಲೆ ಒಬ್ಬರಿಗೊಬ್ಬರು ಏನು ಹೇಳುವುದು? ಅವಳು ಎಲ್ಲಾದರೂ ಮೇಲಿನ ಸಾಲಿಗೆ ಹೋಗಿಬಿಟ್ಟರೆ? 'ಮುಂದಿನ ವರ್ಷ ನನ್ನ ಪಕ್ಕ ಕೂರ್ತೀರಾ' ಎಂದು ಒಂದು ಮಾತು ಕೇಳಿದರೆ ತೀರಿತು. ಬೆನ್ನುನೋವಿಲ್ಲದವನಿಗೆ ಬೆನ್ನುನೋವಿನ ಹಾಸಿಗೆ ಮಾರಿದ ಬಾಯಿ ಅದು. ಆದರೂ ಆ ಮಾತು ಗಂಟಲವರೆಗೆ ಬಂದು, ಅಲ್ಲೇ ಮಗ್ಗುಲು ಬದಲಿಸಿ ಮಲಗುತ್ತಿತ್ತು.

ಆ ವರ್ಷದ ತಂಡವಾದರೋ ಎತ್ತು ಏರಿಗೆ, ಕೋಣ ನೀರಿಗೆ. ಚೆಂಡೆಸೆಯುವ ಹುಡುಗ ಕೇಡ್ ವಾಲ್‌ಬರ್ಗನ ಉದ್ದ ತೋಳಿಗೆ ಒಂದು ಶನಿವಾರ ದೇವರು ಬರುತ್ತಿದ್ದ, ಮರು ಶನಿವಾರ ಅವನ ಅಜ್ಜಿಯೂ ಬರುತ್ತಿರಲಿಲ್ಲ. ಮೊದಲ ಆಟದಲ್ಲಿ ಎದುರಾಳಿಯನ್ನು ನೆಲಕ್ಕೆ ಹಾಸಿ ಗುಡಿಸಿದರು. ಎರಡನೆಯದರಲ್ಲಿ ತಾವೇ ಗುಡಿಸಿಕೊಂಡರು. ಗೆದ್ದರೆ ಸೋಲು, ಸೋತರೆ ಗೆಲುವು. ಉಯ್ಯಾಲೆ ಹತ್ತಿದವರ ಹಾಗೆ ಊರಿಗೆ ಊರೇ ತೂಗಾಡತೊಡಗಿತು. ಸೆಪ್ಟೆಂಬರಿನ ಬಿಸಿಲು ಜೇನಿನ ಬಣ್ಣಕ್ಕೆ ತಿರುಗಿ ಸೂರಿನ ತೂತುಗಳಿಂದ ಹನಿಯುತ್ತಿತ್ತು. ವಾದ್ಯದವರ ತುತ್ತೂರಿ ಹೊಳೆಯ ಮೇಲೆ ಹೋಗಿ, ಆಚೆ ದಡದ ಗುಡ್ಡ ಮುಟ್ಟಿ, ಯಾರೋ ನಿದ್ದೆಯಲ್ಲಿ ಊದಿದಂತೆ ಮರಳಿ ಬರುತ್ತಿತ್ತು.

ತಂಡಕ್ಕಿಂತ ಹೆಚ್ಚು ಬದಲಾದದ್ದು ಆರ್ಡಿತ್‌ಳ ಮಾತು. ಗಜದ ಲೆಕ್ಕ, ನಂಬರುಗಳೆಲ್ಲ ಕಡಿಮೆಯಾದವು.

"ನಿಮ್ಮ ಕಡೆ ಏನು ನಡೀತಿದೆ?" ಎಂದು ಮರ್ಲ್ ಕೇಳಿದರೆ, "ಓಡ್ತಿದಾನೆ. ಹೊಳೆಯಲ್ಲಿ ಎಲೆ ಹೋಗ್ತದಲ್ಲ, ಹಾಗೆ. ಯಾರಿಗೂ ಅವನನ್ನ ಹಿಡಿಯೋ ಮನಸ್ಸಿಲ್ಲ," ಎನ್ನುತ್ತಿದ್ದಳು.

"ಎಷ್ಟು ಗಜ?"

"ಗಜ ಕಟ್ಟಿಕೊಂಡು ಏನು ಮಾಡ್ತೀರಿ? ಚೆನ್ನಾಗಿ ಓಡಿದ."

ಮರ್ಲ್ ಕಣ್ಣು ಅರೆ ಮುಚ್ಚಿ ಕೇಳುತ್ತಿದ್ದ. ಅವಳ ಅರ್ಧ ಮೈದಾನದಲ್ಲಿ ಹುಡುಗರು ಬಿದ್ದರೂ ನೋವಾಗುತ್ತಿರಲಿಲ್ಲ; ಚೆಂಡು ಗಾಳಿಗೇರಿದರೆ ಇಳಿಯಲು ಅವಸರವಿರುತ್ತಿರಲಿಲ್ಲ. ತನ್ನ ಕಡೆಯ ಕೆಸರು, ಬೆವರು, ತೀರ್ಪುಗಾರನ ಸೀಟಿ ನೋಡಿ ಅವನಿಗೆ ಹೊಟ್ಟೆಕಿಚ್ಚೂ ಆಯಿತು.

ಸೋಮವಾರ ಗಸ್‌ನ ಅಂಗಡಿಯಲ್ಲಿ ಅದನ್ನೆಲ್ಲ ಹೇಳಲು ಹೋಗಿ ಸಿಕ್ಕಿಬಿದ್ದ.

"ನಾಲ್ಕನೇ ಭಾಗದಲ್ಲಿ ಆ ಹುಡುಗ ಒಬ್ಬನೇ ಗೆರೆ ತನಕ ಓಡಿದನಲ್ಲ, ಎಲೆ ತೇಲಿದ ಹಾಗೆ," ಎಂದ ಮರ್ಲ್.

ಕತ್ತರಿ ನಿಂತಿತು. "ಯಾವ ಎಲೆ? ಅವನ ಬೆನ್ನಿಗೆ ಮೂವರು ಜೋತುಬಿದ್ದಿದ್ರು. ಹಂದಿ ಮೂಟೆ ಎಳೆದ ಹಾಗೆ ಎಳ್ಕೊಂಡು ಹೋದ. ಲೋ ಮರ್ಲ್, ನೀನು ಆಟ ನೋಡೋಕೆ ಹೋಗ್ತೀಯೋ, ನಿನ್ನ ಅಂಗಡೀಲಿ ಮಲಗಿ ಕನಸು ಕಾಣ್ತೀಯೋ?"

ಕಾದು ಕೂತಿದ್ದವರೆಲ್ಲ ನಕ್ಕರು. ಮರ್ಲ್ ಅರ್ಧ ಕತ್ತರಿಸಿದ ತಲೆಯಲ್ಲೇ ಆರ್ಡಿತ್ ಹೇಳಿದ್ದೇ ಸರಿ ಎಂದು ವಾದಿಸಿದ. ಒಳಗೆ ಮಾತ್ರ ಕುಟುಕಿತು. ಇಷ್ಟು ವರ್ಷ ಒಂದೇ ಅಂಗಡಿಯಲ್ಲಿ ಕೊಂಡ ಜೇನು ಬೆರಕೆಯೆಂದು ಯಾರೋ ತೋರಿಸಿಕೊಟ್ಟಂತಾಯಿತು. ತನ್ನನ್ನು ಆಟ ಆಡಿಸುತ್ತಿದ್ದಾಳೆಯೇ? ಹೇಗೂ ಕೊನೆಯ ವರ್ಷ, ಈ ಹಾಸಿಗೆಯವನಿಗೆ ಏನು ಹೇಳಿದರೂ ನಡೆದೀತು ಎಂದೇ?

ಅಕ್ಟೋಬರಿನ ಒಂದು ಶನಿವಾರ ಹೊಳೆಯಿಂದ ಮಂಜು ಎದ್ದು ಮೈದಾನದೊಳಕ್ಕೆ ಬಂತು. ಆಟಗಾರರಿಗೆ ಕಾಲುಗಳಿರಲಿಲ್ಲ, ಬಿಳಿಯ ನೀರಿನ ಮೇಲೆ ಹೆಲ್ಮೆಟ್ಟುಗಳು ತೇಲುತ್ತಿದ್ದವು. ಚೆಂಡು ರೈಲುಹಳಿಯ ಕಡೆಗೆ ಹೋಯಿತು. ಜನ ಕೂಗಿದರು. "ಎಡಕ್ಕೆ ತಿರುಗಿದ, ಒಂಟಿಯಾಗಿದಾನೆ, ಮಂಜು ಅವನಿಗೆ ದಾರಿ ಬಿಡ್ತಿದೆ," ಎಂದು ಕಂಬದ ಆಚೆಯಿಂದ ಮಾತು ಬರುತ್ತಿದ್ದಂತೆ ಮರ್ಲ್ ಇಪ್ಪತ್ತು ವರ್ಷದ ಪದ್ಧತಿ ಮುರಿದು, ಮುಂದಿನ ಸಾಲಿನವನ ಟೋಪಿಯ ಮೇಲೆ ಬಾಗಿ ನೋಡಿದ.

ಓಡುವವನು ಯಾರೂ ಇರಲಿಲ್ಲ. ನಡುವೆ ಹತ್ತು ಹನ್ನೆರಡು ಹುಡುಗರು ಒಬ್ಬರ ಮೇಲೊಬ್ಬರು ಒಟ್ಟಿದ ಮೂಟೆಗಳಂತೆ ಬಿದ್ದಿದ್ದರು. ಆರ್ಡಿತ್ ಅತ್ತ ನೋಡುತ್ತಲೂ ಇರಲಿಲ್ಲ. ಕೋಳಿ ಕಾಳು ಹುಡುಕುವಾಗ ಮಾಡುವಂತೆ ಕತ್ತು ವಾಲಿಸಿ, ಕಣ್ಣಿನ ಅಂಚಿನಿಂದ ಗೋಲ್ ಕಂಬದ ಕಡೆ ನೋಡುತ್ತ, ಕಿವಿಯನ್ನು ಜನರ ಕೂಗಿನತ್ತ ಕೊಟ್ಟು ಕೂತಿದ್ದಳು. ಸೂಪಿನ ಫ್ಲಾಸ್ಕು ಮಡಿಲಲ್ಲಿತ್ತು. ಅದರ ಮುಚ್ಚಳವನ್ನು ಹಾಕಲು ಬೆರಳಿನಿಂದ ಅಂಚು ಸವರಿ ಹುಡುಕುತ್ತಿದ್ದಳು.

ಮರ್ಲ್ ಸದ್ದಿಲ್ಲದೆ ಹಿಂದೆ ಸರಿದು ಕೂತ. ಕುಟುಕುತ್ತಿದ್ದದ್ದು ನಿಂತಿತು, ಅದರ ಜಾಗದಲ್ಲಿ ಬೇರೆ ಏನೋ ಬಂದು ಕೂತು ಏಳಲೇ ಇಲ್ಲ.

"ಆಮೇಲೆ?" ಎಂದ.

"ಆಮೇಲೆ ಬಿದ್ದ. ಮೆತ್ತಗೆ ಬಿದ್ದ," ಎಂದಳು ಆರ್ಡಿತ್.

"ಒಳ್ಳೇದಾಯ್ತು."

ಅಂದಿನಿಂದ ಅವನು ಬೆರಕೆ ಎಂದು ಗೊತ್ತಿದ್ದೂ ಅದೇ ಅಂಗಡಿಗೆ ಹೋಗುವ ಗಿರಾಕಿಯಾದ. ಗಜ ಕೇಳುವುದನ್ನು ಬಿಟ್ಟ. ತನ್ನ ಕಡೆಯ ಆಟವನ್ನು ಮಾತ್ರ ಹಿಂದಿಗಿಂತ ನಿಧಾನವಾಗಿ, ಅಂಗಿಯ ಬಣ್ಣ, ನಂಬರು, ಯಾರು ಎಲ್ಲಿ ನಿಂತಿದ್ದಾರೆ ಎಂಬುದನ್ನೆಲ್ಲ ಸೇರಿಸಿ ಹೇಳತೊಡಗಿದ. ನವೆಂಬರಿನ ಮೊದಲ ವಾರ, ಆಟದ ನಡುವಿನ ವಿರಾಮದಲ್ಲಿ, ಧೈರ್ಯ ಮಾಡಿ ಸುತ್ತಿ ಬಳಸಿ ಕೇಳಿದ.

"ಹೊಸದರಲ್ಲಿ ಯಾವ ಸೀಟು ಹೇಳಿದ್ರಿ?"

"ಯಾವುದೂ ಇಲ್ಲ. ಕಾಂಕ್ರೀಟು ನನ್ನ ಸೊಂಟಕ್ಕೆ ಆಗಲ್ಲ."

"ಅದಕ್ಕೊಂದು ದಿಂಬು ಇದೆ ನಮ್ಮಲ್ಲಿ."

"ಇರುತ್ತೆ. ನಿಮ್ಮಲ್ಲಿ ಇಲ್ಲದ್ದು ಏನಿದೆ?" ಎಂದಳು. ಆ ಮಾತು ಅಲ್ಲಿಗೆ ಮುಗಿಯಿತು. ದಿಂಬಿನ ವಿಷಯ ಎತ್ತಿದ್ದಕ್ಕೆ ಮರ್ಲ್ ಮನೆಗೆ ಹೋಗುವ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡ.

ಕೊನೆಯ ಆಟ ಆಚೆ ದಡದ ಕಾಲೇಜಿನ ಮೇಲೆ. ಅಷ್ಟರಲ್ಲಿ ಕೊಕ್ಕರೆಗಳು ಐದು ಗೆದ್ದು ಐದು ಸೋತಿದ್ದವು. ಈ ವರ್ಷವನ್ನು ಯಾವ ಕಡೆಗೆ ಬರೆಯಬೇಕೆಂದು ಇದೊಂದರಿಂದ ತೀರ್ಮಾನ. ಹೊಳೆ ದಾಟಿ ಬಂದವರು ಎದುರಿನ ಬಯಲು ಬೆಂಚುಗಳಲ್ಲಿ ತುಂಬಿಕೊಂಡಿದ್ದರು. ಮೇಪಲ್ ಎಲೆಗಳು ಎಲ್ಲಿಂದಲೋ ಬಂದು ಸೂರಿನ ಕೆಳಗೆ ಸುತ್ತು ಹಾಕುತ್ತಿದ್ದವು. ಹುರಿದ ಬೊಲೋನಿ ಮಾಂಸದ ಹೊಗೆ ನೀಲಿಯಾಗಿ ನಿಂತಿತ್ತು. ನಾಳೆ ಈ ಮರದ ಹಲಗೆಗಳನ್ನು ಕೀಳುತ್ತಾರೆಂದು ಗೊತ್ತಿದ್ದ ಜನ ಅವನ್ನು ಸುಮ್ಮಸುಮ್ಮನೆ ಸವರುತ್ತಿದ್ದರು.

ಕೊನೆಗೆ ಎಲ್ಲ ಬಂದು ನಿಂತದ್ದು ಹೀಗೆ: ನಮ್ಮವರು ಎರಡು ಅಂಕ ಹಿಂದೆ, ಗಡಿಯಾರದಲ್ಲಿ ಉಸಿರೆಳೆದುಕೊಳ್ಳುವಷ್ಟು ಹೊತ್ತು, ಚೆಂಡು ರೈಲುಹಳಿಯ ಕಡೆ. ಒದೆಯುವ ಹುಡುಗ ಚೆಂಡನ್ನು ಎರಡು ಗೋಲ್ ಕಂಬಗಳ ನಡುವೆ ಹಾಯಿಸಿದರೆ ಮೂರು ಅಂಕ, ಗೆಲುವು. ಮರ್ಲ್ ಕಂಬಕ್ಕೆ ಕಿವಿ ಹಚ್ಚಿದ. ಒದೆತದ ಸದ್ದು ಕೇಳಿತು. ದೂರದಲ್ಲಿ ಯಾರೋ ಬಾಗಿಲು ಹಾಕಿದಂತೆ. ಮರುಗಳಿಗೆ ಮೈದಾನದ ಮೇಲೆ ದೊಡ್ಡ ಹೋ ಎಂಬ ಕೂಗು ಎದ್ದಿತು.

"ಹೋಯ್ತು ಮರ್ಲ್," ಎಂದಳು ಆರ್ಡಿತ್. "ನಟ್ಟನಡುವೆ ಹೋಯ್ತು. ಎಷ್ಟು ನಿಧಾನಕ್ಕೆ ಹೋಯ್ತು ಅಂತೀರಿ."

ಅವಳು ಎದ್ದು ನಿಂತು ಚಪ್ಪಾಳೆ ತಟ್ಟಿದಳು.

ಕೂಗಿದವರು ಎದುರಿನ ಬೆಂಚಿನವರು. ಹಳೆಯ ಸ್ಟ್ಯಾಂಡಿನಲ್ಲಿ ಒಂದು ಕೈಯೂ ಆಡಲಿಲ್ಲ. ಮರ್ಲ್‌ಗೆ ಗೋಲ್ ಕಂಬ ಕಾಣದಿದ್ದರೂ ಹೊಳೆಯ ಕಡೆಯ ಅಂಕದ ಹಲಗೆ ಕಾಣುತ್ತಿತ್ತು, ಅದು ಬದಲಾಗಲಿಲ್ಲ. ಅಷ್ಟು ಜನರ ಮೌನದ ನಡುವೆ ಆರ್ಡಿತ್‌ಳ ಚಪ್ಪಾಳೆಯೊಂದೇ ತಟತಟನೆ ಸೂರಿಗೆ ಬಡಿಯುತ್ತಿತ್ತು. ಒಬ್ಬೊಬ್ಬರಾಗಿ ತಿರುಗಿ ನೋಡತೊಡಗಿದರು.

"ಏನಮ್ಮ, ಹೊಳೆ ಆಚೆಯಿಂದ ಬಂದವಳಾ ನೀನು?" ಎಂದ ದಂತವೈದ್ಯ.

ಆರ್ಡಿತ್‌ಳ ಕೈ ನಿಧಾನವಾಯಿತು. ಅದು ಪೂರ್ತಿ ನಿಲ್ಲುವ ಮೊದಲೇ ಮರ್ಲ್ ಡಾಲ್ಕಿ ಎದ್ದ. ಎದ್ದು, ಹಾಸಿಗೆಯ ಧೂಳು ಕೊಡಹುವ ತನ್ನ ಎರಡು ದಪ್ಪ ಅಂಗೈಗಳಿಂದ ಜೋರಾಗಿ ಚಪ್ಪಾಳೆ ತಟ್ಟಿದ. ಮುಂದೆ ಎಲ್ಲೋ ಕೂತಿದ್ದ ಗಸ್ ಪ್ರೌಟಿ ತಲೆಯ ಮೇಲೆ ಕೈ ಹೊತ್ತುಕೊಂಡ. ಮರ್ಲ್ ನಿಲ್ಲಿಸಲಿಲ್ಲ. ಆರ್ಡಿತ್ ಮತ್ತೆ ತಟ್ಟಿದಳು. ಸೋತ ತಂಡಕ್ಕೆ ಕಂಬದ ಎರಡೂ ಕಡೆಯಿಂದ ಚಪ್ಪಾಳೆ ಬೀಳುತ್ತಿರುವುದನ್ನು ಕೇಳಿ, ಒದ್ದ ಹುಡುಗ ಮೈದಾನದ ನಡುವೆ ಹೆಲ್ಮೆಟ್ಟು ತೆಗೆದು ಮೇಲೆ ನೋಡಿದ.

ಜನ ಇಳಿದು ಹೋದರು. ಇವರಿಬ್ಬರೂ ಕೂತೇ ಇದ್ದರು.

"ಸೋತ್ವಾ?" ಎಂದಳು ಆರ್ಡಿತ್ ಕೊನೆಗೆ.

"ಸೋತ್ವಿ."

"ಮತ್ತೆ ನೀವ್ಯಾಕೆ ಚಪ್ಪಾಳೆ ಹೊಡೆದ್ರಿ?"

"ಒಬ್ಬರೇ ಹೊಡೆದ್ರೆ ತಲೆ ಕೆಟ್ಟಿದೆ ಅಂತಾರೆ. ಇಬ್ಬರು ಹೊಡೆದ್ರೆ ಏನೋ ಕಾರಣ ಇರಬೇಕು ಅಂತಾರೆ."

ಅವಳು ನಗಲಿಲ್ಲ. "ಯಾವಾಗಿಂದ ಗೊತ್ತು ನಿಮಗೆ?"

"ಮಂಜು ಬಿದ್ದ ಶನಿವಾರದಿಂದ."

"ಬಗ್ಗಿ ನೋಡಿದ್ರಾ? ಮೋಸ ಅದು."

"ಮೋಸನೇ. ಇಲ್ಲದ ಹುಡುಗನ್ನ ಮಂಜಲ್ಲಿ ಓಡಿಸಿದ್ರಲ್ಲ, ಅದೇನು?"

ಈಗ ನಕ್ಕಳು. ಆಮೇಲೆ ಹೇಳಿದಳು. ವಸಂತದಲ್ಲಿ ಬಸ್ಸಿನ ಕೀ ವಾಪಸು ಕೊಟ್ಟಳು. ಯಾವುದನ್ನು ನೇರ ನೋಡಿದರೂ ಅದರ ನಡುವೆ ಹೊಗೆ. ಅಂಚು ಮಾತ್ರ ಉಳಿದಿದೆ. ವೈದ್ಯರು ಇದು ಮರಳಿ ಬರುವಂಥದ್ದಲ್ಲ ಎಂದಿದ್ದಾರೆ. ಅಕ್ಕನ ಮಗಳೊಬ್ಬಳನ್ನು ಬಿಟ್ಟು ಯಾರಿಗೂ ಹೇಳಿಲ್ಲ.

"ಈ ಕಂಬ ಕೀಳ್ತಾರೆ, ಸರಿ," ಎಂದು ರಿವೆಟ್ಟೊಂದನ್ನು ಬೆರಳಿನಿಂದ ತಿಕ್ಕಿದಳು. "ನನ್ನ ಕಣ್ಣೊಳಗೆ ಒಂದು ನೆಟ್ಟಿದಾರಲ್ಲ, ಅದನ್ನ ಯಾರು ಕೀಳ್ತಾರೆ? ಇಲ್ಲಿಯಾದ್ರೆ ಕಂಬದ ನೆಪ ಇತ್ತು. ಅಲ್ಲಿ ಬಂದು ಏನು ಮಾಡ್ಲಿ? ನಿಮಗೆ ಎರಡೂ ಕಡೆ ಕಾಣುತ್ತೆ."

"ಕಾಣುತ್ತೆ. ಕಂಡಿದ್ದನ್ನ ಕೇಳೋರು ಬೇಡವಾ?" ಎಂದ ಮರ್ಲ್. ಗಂಟಲಲ್ಲಿ ಇಷ್ಟು ದಿನ ಮಲಗಿದ್ದ ಮಾತು ಎದ್ದು ಕೂತಿತ್ತು. "ಟಿಕೆಟ್ ಆಫೀಸು ಇನ್ನೂ ಮುಚ್ಚಿಲ್ಲ. ಒಂದು ಹೇಳ್ಲಾ, ಜೋಡಿ ಹೇಳ್ಲಾ?"

ಆರ್ಡಿತ್ ಕತ್ತು ವಾಲಿಸಿ, ಕಣ್ಣಿನ ಅಂಚಿನಿಂದ ಅವನನ್ನು ನೋಡಿದಳು. "ಹಾಸಿಗೆ ಮಾರೋರು ನೀವು. ಮೂರು ಗಜಾನ ಮೂವತ್ತು ಮಾಡ್ತೀರಿ."

"ಹಾಸಿಗೆ ವಿಷಯದಲ್ಲಿ ಮಾಡ್ತೀನಿ. ಗಜದ ವಿಷಯದಲ್ಲಿ ಇಲ್ಲ."

"ಸೋತ್ರೆ ಸೋತ್ವಿ ಅನ್ನಬೇಕು. ನನ್ನ ಕಣ್ಣಿಗೆ ಅಯ್ಯೋ ಪಾಪ ಅಂತ ಗೆಲ್ಲಿಸಬಾರದು."

"ಈ ತಂಡನ ಯಾರು ಗೆಲ್ಲಿಸೋಕಾಗುತ್ತೆ?"

"ಮೇಲಿನ ಸಾಲು ಬೇಡ. ಮೆಟ್ಟಿಲು ಜಾಸ್ತಿ," ಎಂದಳು ಆರ್ಡಿತ್. ಮರ್ಲ್ ಟೋಪಿ ಹಾಕಿಕೊಂಡು, ಎಂದೂ ಓಡದವನು ಓಡಿದ.

ಮರುವರ್ಷ ಸೆಪ್ಟೆಂಬರಿನಲ್ಲಿ ಅವರು ಕಾಂಕ್ರೀಟಿನ ಮೇಲೆ ಪಕ್ಕಪಕ್ಕದಲ್ಲಿ ಕೂತರು. ಮೇಲೆ ಸೂರಿಲ್ಲದೆ ಆಕಾಶ ಸ್ವಲ್ಪ ಹೆಚ್ಚೇ ಆಯಿತೆನಿಸಿತು ಮರ್ಲ್‌ಗೆ. ಆಟ ಹೊಳೆಯ ಕಡೆ ಶುರುವಾಯಿತು. ಅವನು ಹೇಳತೊಡಗಿದ: ಬೂದು ಅಂಗಿಯವರು ಇತ್ತ, ಕೆಂಪಿನವರು ಅತ್ತ, ಇಪ್ಪತ್ತೊಂದನೆಯವನ ಕೈಗೆ ಚೆಂಡು, ಆರು ಗಜ, ಮತ್ತೆ ಒಂಬತ್ತು. ಚೆಂಡು ನಡುಗೆರೆ ದಾಟಿತು. ಮರ್ಲ್ ಸುಮ್ಮನಾದ. ಜನ ಕೂಗುತ್ತಿದ್ದರು. ಆರ್ಡಿತ್ ಕಾದಳು. ಅವನೂ ಅರೆಗಣ್ಣು ಮುಚ್ಚಿ, ಅವಳ ಕಡೆ ಕಿವಿ ಕೊಟ್ಟು ಕಾಯುತ್ತ ಕೂತ.

"ಏನ್ರೀ, ಚೆಂಡು ಹೊಳೆಗೆ ಬಿತ್ತಾ?"

"ನಿಮ್ಮ ಕಡೆ ಹೋಯ್ತು," ಎಂದ ಮರ್ಲ್ ಅಭ್ಯಾಸಬಲದಿಂದ. ಹೇಳಿದ ಮೇಲೆ ಅವನ ಕಿವಿ ಕೆಂಪಾಯಿತು.

"ಈಗ ಆ ಕಡೆನೂ ನಿಮ್ಮದೇ ಮಾರಾಯ್ರೆ. ಕತ್ತು ತಿರುಗಿಸಿ."

ಮರ್ಲ್ ಕತ್ತು ತಿರುಗಿಸಿದ. ಹಳಿಯ ಆಚೆ ಒಂದು ಸಾಲು ಪಾಪ್ಲರ್ ಮರಗಳಿದ್ದವು. ಅವುಗಳ ಎಲೆ ಬಿಸಿಲಿಗೆ ತಿರುಗಿ ಮಿಂಚುತ್ತಿತ್ತು. ಅದರ ಕೆಳಗೆ ಗೂಡ್ಸ್ ಗಾಡಿಯೊಂದು ಆಟಕ್ಕೂ ತನಗೂ ಸಂಬಂಧವಿಲ್ಲದಂತೆ ಹೋಗುತ್ತಿತ್ತು. ಅಷ್ಟು ವರ್ಷ ಕೇಳಿಯೇ ಬಲ್ಲ ಹುಲ್ಲಿನ ಮೇಲೆ ಕೊಕ್ಕರೆಗಳು ಬಿದ್ದು ಏಳುತ್ತಿದ್ದವು. ಎಲ್ಲಿಂದ ಹಿಡಿಯುವುದೆಂದು ತಿಳಿಯದೆ ಅವನು ಮರ, ಗಾಡಿ, ಹುಡುಗರು ಎಲ್ಲವನ್ನೂ ಒಟ್ಟಿಗೆ, ಒಂದರ ಮೇಲೊಂದು ಹಾಕಿ ಹೇಳತೊಡಗಿದ.

"ಸ್ವಲ್ಪ ನಿಧಾನ," ಎಂದಳು ಆರ್ಡಿತ್. "ಅವರು ಓಡ್ಲಿ ಬಿಡಿ. ನಾವು ಓಡೋದು ಬೇಡ."

ಮರ್ಲ್ ಉಸಿರು ತೆಗೆದುಕೊಂಡು, ಮರಗಳಿಂದ ಮತ್ತೆ ಶುರುಮಾಡಿದ.